ಕೈತೋಟದ ಕೋಸಂಬರಿ

ನಾನು ನಿವೃತ್ತಳಾದ ಶಾಲೆಗೆ ಈ ವರ್ಷ ಹೊಸದಾಗಿ ಬಂದಿರುವ ವಿಜ್ಞಾನದ ಟೀಚರು ಹೋದ ತಿಂಗಳು ಫೋನ್ ಮಾಡಿದ್ದರು. ಕೆಲಸಕ್ಕೆ ಸೇರಿ ಇನ್ನೂ ಮೂರು ತಿಂಗಳು. ಶಾಲೆಯ ಕೈತೋಟ ಈಗ ಅವರ ಕೈಗೆ ಬಂದಿದೆಯಂತೆ. ತೋಟದ ಮೂಲಕ ಪಾಠ ಮಾಡುವುದು ಹೇಗೆ, ಎಲ್ಲ ಥರದ ಮಕ್ಕಳನ್ನೂ ಅದರಲ್ಲಿ ಸೇರಿಸಿಕೊಳ್ಳುವುದು ಹೇಗೆ, ನೀರು ಉಳಿಸುವುದು ಹೇಗೆ ಎಂದು ನಾಲ್ಕು ಪುಟ ಬರೆದುಕೊಡಿ ಮೇಡಂ, ನಿಮ್ಮ ಕಾಲದಲ್ಲಿ ತೋಟಕ್ಕೆ ಬಹುಮಾನ ಬಂದಿತ್ತಂತಲ್ಲ ಎಂದರು. ಒಪ್ಪಿಕೊಂಡೆ. ಮೂರು ಸಲ ಬರೆಯಲು ಕೂತೆ. ಗೊಬ್ಬರ, ಬೀಜ, ಪಾತಿ ಎಂದು ಶುರುಮಾಡಿದ್ದು ಪ್ರತಿ ಸಲವೂ ಆ ಬಹುಮಾನದ ಹತ್ತಿರ ಬಂದು ನಿಂತುಬಿಡುತ್ತಿತ್ತು. ಆದ್ದರಿಂದ ಈಗ ನಡೆದದ್ದನ್ನು ನಡೆದಂತೆಯೇ ಬರೆಯುತ್ತಿದ್ದೇನೆ. ಓದಿದ ಮೇಲೆ ಆ ಟೀಚರಿಗೆ ನನ್ನ ಮೇಲಿರುವ ಗೌರವ ಕಡಿಮೆಯಾದರೆ ಆಗಲಿ.

ಕೆಲಸಕ್ಕೆ ಸೇರಿದಾಗ ನನ್ನನ್ನು ಹಾಕಿದ್ದು ಮಾಕಳಿ ಕಡೆಯ ಒಂದು ಶಾಲೆಗೆ. ಯಶವಂತಪುರದ ಮನೆಯಿಂದ ಹೊರಟು ಗೊರಗುಂಟೆಪಾಳ್ಯದಲ್ಲಿ ಬಸ್ಸು ಬದಲಾಯಿಸಿ ಹೋಗಬೇಕಿತ್ತು. ಆಗ ಅಲ್ಲಿ ಇನ್ನೂ ರಾಗಿ ಬೆಳೆಯುತ್ತಿದ್ದರು. ಶಾಲೆಯ ಹಿಂದೆ ಒಂದಿಷ್ಟು ಜಾಗವಿತ್ತು, ಬದನೆ, ಮೆಣಸಿನಗಿಡ ಹಾಕಿದ್ದೆವು. ಆ ತೋಟವನ್ನು ನಾನು ಶಿಕ್ಷೆಗೆ ಬಳಸುತ್ತಿದ್ದೆ. ಹೋಂವರ್ಕ್ ಮಾಡದೆ ಬಂದವರು, ಮಗ್ಗಿ ಬಾರದವರು ಹೋಗಿ ಕಳೆ ಕೀಳಬೇಕು. ಹೊಡೆಯುವುದಕ್ಕಿಂತ ಇದು ಒಳ್ಳೆಯದಲ್ಲವೇ ಎಂದು ನನ್ನನ್ನು ನಾನೇ ಮೆಚ್ಚಿಕೊಂಡಿದ್ದೆ. ಒಂದು ದಿನ ಒಬ್ಬ ಹುಡುಗಿಯ ತಾಯಿ ಕೈಯಲ್ಲಿ ಕುಡುಗೋಲು ಹಿಡಿದುಕೊಂಡೇ ಹೊಲದಿಂದ ಶಾಲೆಗೆ ಬಂದರು. ಜಗಳಕ್ಕೆ ಬಂದರೆಂದು ಹೆದರಿದೆ. ಅವರು ಬಾಗಿಲಲ್ಲೇ ನಿಂತು ಮೆತ್ತಗೆ ಕೇಳಿದರು.

"ನಾವು ದಿನಾ ಮಾಡೋ ಕೆಲಸಾನ ನೀವು ಶಿಕ್ಷೆ ಅಂತ ಕೊಟ್ರೆ, ನಮ್ ಮಗಳು ನಮ್ಮುನ್ನ ಏನಂತ ತಿಳ್ಕೋತಾಳೆ ಮೇಡಂ?"

ಮಾರನೇ ದಿನದಿಂದ ಆ ಶಿಕ್ಷೆ ನಿಲ್ಲಿಸಿದೆ. ಆದರೆ ಆ ತಾಯಿಯ ಮುಂದೆ ತಪ್ಪಾಯಿತು ಎನ್ನಲು ನನಗೆ ಬಾಯಿ ಬರಲಿಲ್ಲ. ನೋಡೋಣ, ಹೇಳ್ತೀನಿ ಎಂದು ಕಳಿಸಿಬಿಟ್ಟೆ. ತಪ್ಪು ಗೊತ್ತಾದ ಮೇಲೂ ಒಪ್ಪಿಕೊಳ್ಳದೆ ಜಾರಿಕೊಳ್ಳುವ ಅಭ್ಯಾಸ ನನಗೆ ಆಗಲೇ ಇತ್ತು ಎಂದು ಈಗ ಅನ್ನಿಸುತ್ತದೆ.

ಆಮೇಲೆ ಹೆಬ್ಬಾಳದ ಹತ್ತಿರದ ಶಾಲೆಗೆ ವರ್ಗವಾಯಿತು. ಅಲ್ಲಿನ ಹೆಡ್‌ಮಾಸ್ಟರಿಗೆ ತೋಟವೆಂದರೆ ಹಸಿರಾಗಿ ಕಾಣಬೇಕು, ಅಷ್ಟೇ. ಒಮ್ಮೆ ಮೇಲಧಿಕಾರಿಗಳು ಬರುತ್ತಾರೆಂದು ಸುದ್ದಿ ಬಂತು. ಮಕ್ಕಳು ಹಾಕಿದ ಬೀಜ ಆಗಷ್ಟೇ ಮೊಳೆತಿತ್ತು. ಹೆಡ್‌ಮಾಸ್ಟರು ನರ್ಸರಿಯಿಂದ ಒಂದು ಟೆಂಪೋ ತುಂಬ ಗಿಡ ತರಿಸಿದರು. ಟೊಮೆಟೊ, ಬದನೆ, ಚೆಂಡುಹೂವು, ಎಲ್ಲವೂ ಕಾಯಿ, ಹೂವು ಬಿಟ್ಟಿದ್ದವು. ಹಿಂದಿರುಗಿಸಬೇಕಾದ ಗಿಡಗಳಾದ್ದರಿಂದ ಪ್ಲಾಸ್ಟಿಕ್ ಚೀಲದ ಸಮೇತ ನೆಲದಲ್ಲಿ ಹೂಳಿ ಮೇಲೆ ಮಣ್ಣೆಳೆಯಲು ಹೇಳಿದರು. ಮಕ್ಕಳ ಮೊಳಕೆಗಳ ಮೇಲೆಯೇ ಗುಂಡಿ ತೋಡಿದೆವು. ಮಕ್ಕಳು ಕಿಟಕಿಯಲ್ಲಿ ಸಾಲಾಗಿ ನಿಂತು ನೋಡುತ್ತಿದ್ದರು. ಅಧಿಕಾರಿಗಳು ಬಂದು, ಇದನ್ನೆಲ್ಲ ಬೆಳೆಸಿದ್ದು ಯಾರು ಎಂದು ಕೇಳಿದಾಗ ಮಕ್ಕಳು ಒಟ್ಟಿಗೆ "ನಾವೇ ಸಾರ್" ಎಂದರು. ಹಾಗೆ ಹೇಳಬೇಕೆಂದು ಬೆಳಿಗ್ಗೆ ಅವರಿಗೆ ಹೇಳಿಕೊಟ್ಟಿದ್ದು ನಾನು. ಆ ವರ್ಷವಿಡೀ ನಾನು ಸತ್ಯ ಹೇಳಬೇಕೆಂದು ಯಾವ ಪಾಠದಲ್ಲಿ ಹೇಳಿದರೂ ಹಿಂದಿನ ಬೆಂಚಿನಲ್ಲಿ ಒಂದು ಸಣ್ಣ ನಗು ಕೇಳುತ್ತಿತ್ತು. ಆ ನಗುವಿಗೆ ಯಾರನ್ನೂ ಬೈಯಲಿಲ್ಲ.

ಕೊನೆಯ ಹನ್ನೊಂದು ವರ್ಷ ಕಳೆದದ್ದು ಯಲಹಂಕದ ಪುಟ್ಟೇನಹಳ್ಳಿ ಕಡೆಯ ಶಾಲೆಯಲ್ಲಿ. ಕೆರೆಗೆ ಹತ್ತಿರ. ಒಂದು ಪಕ್ಕಕ್ಕೆ ಅಪಾರ್ಟ್‌ಮೆಂಟುಗಳು, ಇನ್ನೊಂದು ಪಕ್ಕಕ್ಕೆ ಹಳೇ ಊರು. ಸುತ್ತಲಿನ ಬಹಳಷ್ಟು ಶಾಲೆಗಳಿಗೆ ಮಧ್ಯಾಹ್ನದ ಊಟ ವ್ಯಾನಿನಲ್ಲಿ ಬರುತ್ತಿತ್ತು, ನಮ್ಮಲ್ಲಿ ಮಾತ್ರ ಶಾಲೆಯಲ್ಲೇ ಅಡುಗೆ. ಮುಖ್ಯ ಅಡುಗೆಯವರು ಗಂಗಮ್ಮ. ಹಳೇ ಊರಿನವರು. ಅವರ ಮಾವನ ಕಾಲದಲ್ಲಿ ಮನೆಯವರು ಕೆರೆಯ ಕೆಳಗೆ ಸೊಪ್ಪು ಬೆಳೆಯುತ್ತಿದ್ದರಂತೆ. ಜಮೀನು ಮಾರಿದ ಮೇಲೆ ಭಾವ ಮೈದುನರು ಕಟ್ಟಡ ಕಟ್ಟಿಸಿದರು, ಇವರ ಪಾಲಿಗೆ ಉಳಿದದ್ದು ಎರಡು ಕೋಣೆ. ನನಗೆ ತೋಟದ ಕೆಲಸ ನಿಜವಾಗಿ ಕಲಿಸಿದವರು ಇವರೇ. ತರಬೇತಿಯಲ್ಲಿ ನಮಗೆ ಗಿಡದ ಚಿತ್ರ ಬರೆದು ಭಾಗಗಳನ್ನು ಗುರುತಿಸುವುದು ಹೇಳಿಕೊಟ್ಟಿದ್ದರು. ಕೊತ್ತಂಬರಿ ಬೀಜವನ್ನು ಒಡೆದು ಬಿತ್ತಬೇಕು ಎಂಬುದು ನನಗೆ ಗಂಗಮ್ಮ ಹೇಳುವವರೆಗೆ ಗೊತ್ತಿರಲಿಲ್ಲ. ತರಕಾರಿ ಸಿಪ್ಪೆಯಿಂದ ಗೊಬ್ಬರ ಮಾಡುವುದು, ಒಂದು ಪಾತಿಯಲ್ಲಿ ಸೊಪ್ಪು ಮುಗಿದ ಮೇಲೆ ಅವರೆ ಹಾಕುವುದು, ಬೀಜಕ್ಕೆಂದು ನಾಲ್ಕು ಗಿಡ ಕೀಳದೆ ಬಿಡುವುದು, ಇದೆಲ್ಲ ಅವರಿಂದ ಕಲಿತು ಮಕ್ಕಳಿಗೆ ನಾನು ಕಲಿಸಿದೆ. ಮಕ್ಕಳು ಅದನ್ನೆಲ್ಲ ನನ್ನದೇ ವಿದ್ಯೆ ಎಂದುಕೊಂಡಿದ್ದರು.

ಕೊರೊನಾ ಮುಗಿದು ಶಾಲೆ ತೆರೆದ ಮೇಲೆ ಆರನೇ ತರಗತಿಗೆ ಮುಬೀನಾ ಬಂದಳು. ಹುಟ್ಟಿನಿಂದಲೇ ಕಾಲುಗಳಲ್ಲಿ ಬಲವಿರಲಿಲ್ಲ, ಗಾಲಿಕುರ್ಚಿಯಲ್ಲಿ ಬರುತ್ತಿದ್ದಳು. ತಾಯಿ ಶಬಾನಾ ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದರು. ದಿನಾ ಬೆಳಿಗ್ಗೆ ಮಗಳನ್ನು ತಳ್ಳಿಕೊಂಡು ಬಂದು ಬಿಟ್ಟು ಹೋಗುವರು. ತಾಯಿ ಮಗಳು ತಮ್ಮೊಳಗೆ ಉರ್ದುವಿನಲ್ಲಿ ಮಾತಾಡಿಕೊಳ್ಳುತ್ತಿದ್ದರು, ನಮ್ಮ ಜೊತೆ ಕನ್ನಡ. ಶಾಲೆಯ ಬಾಗಿಲಿಗೆ ಇಳಿಜಾರು ಕಟ್ಟಿದ್ದರಿಂದ ತರಗತಿಗೆ ಬರಲು ತೊಂದರೆಯಿರಲಿಲ್ಲ. ತೋಟಕ್ಕೆ ಮಾತ್ರ ವರಾಂಡದಿಂದ ಎರಡು ಮೆಟ್ಟಿಲು ಇಳಿಯಬೇಕು, ಅಲ್ಲಿಂದಾಚೆ ಪಾತಿಗಳ ಮಧ್ಯೆ ಒಂದಡಿ ಅಗಲದ ದಾರಿ. ಮಳೆ ಬಂದರೆ ಜೇಡಿಮಣ್ಣು. ಹುಡುಗಿ ಬಿದ್ದರೆ ನಾನು ಜವಾಬ್ದಾರಳು ಎಂಬ ಹೆದರಿಕೆಯಲ್ಲಿ ತೋಟದ ಪೀರಿಯಡ್ಡಿನಲ್ಲಿ ಅವಳನ್ನು ವರಾಂಡದ ಕೊನೆಯಲ್ಲಿ, ಕೈತೊಳೆಯುವ ನಲ್ಲಿಗಳ ಪಕ್ಕದಲ್ಲಿ ಕೂರಿಸುತ್ತಿದ್ದೆ. ಸುಮ್ಮನೆ ಕೂರಿಸಿದರೆ ಚೆನ್ನಾಗಿರುವುದಿಲ್ಲವೆಂದು ಒಂದು ನೋಟ್‌ಬುಕ್ ಕೊಟ್ಟು, ಯಾರು ಯಾವ ಕೆಲಸ ಮಾಡಿದರು, ಯಾವ ಪಾತಿಯಲ್ಲಿ ಏನಾಯಿತು ಬರೆದಿಡು ಎಂದೆ. ಒಂದು ವಾರ ಕಳೆದ ಮೇಲೆ ಅವಳೇ ಕೇಳಿದಳು, "ಮಿಸ್, ಆ ಮೆಟ್ಟಿಲ ಮೇಲೆ ಒಂದು ಹಲಗೆ ಹಾಕಿದ್ರೆ ನಾನೂ ಇಳೀಬಹುದು ಅಲ್ವಾ?" ನೋಡೋಣ ಎಂದೆ. ಹಾಗೆ ಎರಡು ವರ್ಷ ಹೋಯಿತು.

ಅವಳು ಏಳನೇ ತರಗತಿಯಲ್ಲಿದ್ದಾಗ ಶಾಲಾ ಕೈತೋಟಗಳ ಸ್ಪರ್ಧೆಯೊಂದರ ಸುತ್ತೋಲೆ ಬಂತು. ನೀರಿನ ಮರುಬಳಕೆ ಇರಬೇಕು, ವಿಶೇಷ ಅಗತ್ಯವಿರುವ ಮಕ್ಕಳು ಭಾಗವಹಿಸಿರಬೇಕು ಎಂದು ಅದರಲ್ಲಿತ್ತು. ಹೆಡ್‌ಮಾಸ್ಟರು ಶಿವಲಿಂಗಯ್ಯನವರು ನನ್ನನ್ನು ಕರೆದು, ಎರಡೂ ನಮ್ಮಲ್ಲಿ ಇದೆಯಲ್ಲ ಮೇಡಂ, ಹಾಕಿಬಿಡಿ ಎಂದರು. ಮಕ್ಕಳು ಕೈ, ತಟ್ಟೆ ತೊಳೆದ ನೀರು ಮೋರಿಗೆ ಹರಿದು ವ್ಯರ್ಥವಾಗುತ್ತಿತ್ತು. ಅದನ್ನು ಮರಳು, ಜಲ್ಲಿ, ಇದ್ದಿಲು ತುಂಬಿದ ಗುಂಡಿಯ ಮೂಲಕ ಹಾಯಿಸಿ ಪಾತಿಗಳಿಗೆ ಬಿಡುವ ವ್ಯವಸ್ಥೆಯನ್ನು ಮಕ್ಕಳ ಜೊತೆ ಸೇರಿ ಮಾಡಿದೆ. ಅದರ ಚಿತ್ರ ಬರೆಸಿ ಗೋಡೆಗೆ ಅಂಟಿಸಿದೆ. ಚೆನ್ನಾಗಿಯೇ ನಡೆಯುತ್ತಿತ್ತು. ಮೂಲಂಗಿ, ಕ್ಯಾರೆಟ್ಟು, ಕೊತ್ತಂಬರಿ ಹುಲುಸಾಗಿ ಬಂದವು.

ತೀರ್ಪುಗಾರರು ಬರಲು ಒಂದು ವಾರವಿತ್ತು. ತೋಟದ ಪೀರಿಯಡ್ ಮುಗಿಸಿ ಬರುವಾಗ ಮುಬೀನಾ ನನ್ನನ್ನು ನಿಲ್ಲಿಸಿದಳು. ಶೌಚಾಲಯದ ಗುಂಡಿ ಕಟ್ಟಿಕೊಂಡಿದೆಯೆಂದು, ಶಾಲೆ ಗುಡಿಸಿ ತೊಳೆಯುವ ಆಯಮ್ಮ ಮೂರು ದಿನದಿಂದ ಅಲ್ಲಿ ತೊಳೆದ ನೀರನ್ನು ಬಕೆಟ್ಟಿನಲ್ಲಿ ತಂದು ಈ ನಲ್ಲಿಯ ಮೋರಿಗೆ ಸುರಿಯುತ್ತಿದ್ದಾರೆ, ಅದೂ ತೋಟಕ್ಕೇ ಹೋಗುತ್ತಿದೆ ಎಂದಳು. ಅವಳು ದಿನಾ ಕೂರುತ್ತಿದ್ದದ್ದು ಅಲ್ಲೇ ತಾನೆ, ಎಲ್ಲ ಕಾಣುತ್ತಿತ್ತು. ಆಗ ನನ್ನ ತಲೆಯಲ್ಲಿ ಬ್ಯಾನರು, ಕುರ್ಚಿ, ಫೋಟೋದವನು ಇವೇ ತುಂಬಿದ್ದವು. ಆಯಮ್ಮನಿಗೆ ಹೇಳ್ತೀನಿ ಎಂದೆ. ಹೇಳಲು ಮರೆತೆ. ನಿಜ ಹೇಳಬೇಕೆಂದರೆ ಪೂರ್ತಿ ಮರೆಯಲಿಲ್ಲ. ಎರಡು ಸಲ ನೆನಪಾಯಿತು. ಹೇಳಿದರೆ ಪೈಪು ಮುಚ್ಚಬೇಕು, ಮುಚ್ಚಿದರೆ ತೀರ್ಪುಗಾರರಿಗೆ ಏನು ತೋರಿಸುವುದು ಎಂದು ಎರಡು ಸಲವೂ ಆ ಯೋಚನೆಯನ್ನು ಪಕ್ಕಕ್ಕೆ ತಳ್ಳಿದೆ. ಮರಳು, ಇದ್ದಿಲು ಇದೆಯಲ್ಲ, ಸೋಸಿಬಿಡುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ವಿಜ್ಞಾನ ಪಾಠ ಮಾಡುವವಳಾಗಿ ಅದು ಸುಳ್ಳೆಂದು ನನಗೆ ಗೊತ್ತಿತ್ತು.

ತೀರ್ಪುಗಾರರು ಬಂದ ದಿನ ಇನ್ನೂ ಒಂದು ಬುದ್ಧಿವಂತಿಕೆ ಮಾಡಿದೆ. ತೋಟದಲ್ಲೇ ಕಿತ್ತ ಮೂಲಂಗಿ, ಕ್ಯಾರೆಟ್ಟು ತುರಿದು, ಹೆಸರುಬೇಳೆ, ಕೊತ್ತಂಬರಿ ಹಾಕಿ ಮಕ್ಕಳ ಕೈಯಲ್ಲೇ ಕೋಸಂಬರಿ ಮಾಡಿಸಿದೆ. ಗಂಗಮ್ಮ ಅಡುಗೆಮನೆಯಿಂದ ಇಣುಕಿ, ಅದನ್ನು ಇಲ್ಲಿ ಕೊಡಿ ಮೇಡಂ, ಬಿಸಿನೀರಲ್ಲಿ ತೊಳೆದುಕೊಡ್ತೀನಿ ಎಂದರು. ಹೊತ್ತಾಗುತ್ತದೆಂದು ನಾನು ಕೊಡಲಿಲ್ಲ. ತೀರ್ಪುಗಾರರು ಬರುವ ಹೊತ್ತಿಗೆ ಇಬ್ಬರು ಮೇಷ್ಟರು ಮುಬೀನಾಳನ್ನು ಕುರ್ಚಿಸಮೇತ ಎತ್ತಿ ಪಾತಿಯ ನಡುವೆ ಇಳಿಸಿದರು. ಕೈಗೆ ನೀರು ಹಾಕುವ ಕ್ಯಾನು ಕೊಟ್ಟೆವು. ತುಂಬಿದರೆ ಭಾರವೆಂದು ಖಾಲಿಯದೇ ಕೊಟ್ಟಿದ್ದೆವು. ಫೋಟೋ ಆಯಿತು. ಹತ್ತು ನಿಮಿಷದಲ್ಲಿ ಅವಳನ್ನು ಮತ್ತೆ ಎತ್ತಿ ವರಾಂಡಕ್ಕೆ ಇಟ್ಟರು. ತೀರ್ಪುಗಾರರು ಇನ್ನೊಂದು ಶಾಲೆಗೆ ಹೋಗುವ ಅವಸರದಲ್ಲಿ ಬಾಳೆಹಣ್ಣು, ಮಜ್ಜಿಗೆ ಮಾತ್ರ ತೆಗೆದುಕೊಂಡು ಹೊರಟರು. ಕೋಸಂಬರಿ ಹಾಗೇ ಉಳಿಯಿತು. ತೋಟದ ಕೆಲಸ ಮಾಡಿದ ಆರು, ಏಳನೇ ತರಗತಿಯ ಮಕ್ಕಳಿಗೆ ಹಂಚಲು ಹೇಳಿದೆ. ಯಾರು ಯಾರಿಗೆ ಕೊಟ್ಟೆವೆಂದು ಮುಬೀನಾ ಬರೆದುಕೊಂಡಳು. ಅವಳು ಮಾತ್ರ ತಿನ್ನಲಿಲ್ಲ. ನಾನೂ ಯಾಕೆಂದು ಕೇಳಲಿಲ್ಲ.

ಮಾರನೇ ದಿನ ಪ್ರಾರ್ಥನೆಗೆ ಸಾಲು ನಿಂತಾಗಲೇ ಒಬ್ಬ ಹುಡುಗ ವಾಂತಿ ಮಾಡಿಕೊಂಡ. ಹತ್ತು ಗಂಟೆಯೊಳಗೆ ಮನೆಗಳಿಂದ ಫೋನು ಬರತೊಡಗಿತು. ವಾಂತಿ, ಭೇದಿ, ಜ್ವರ. ಒಟ್ಟು ಹದಿನೇಳು ಮಕ್ಕಳು. ಇಬ್ಬರಿಗೆ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ದೇವರ ದಯೆ, ನಾಲ್ಕೈದು ದಿನದಲ್ಲಿ ಎಲ್ಲರೂ ಹುಷಾರಾದರು. ಆದರೆ ಮೊದಲ ದಿನವೇ ಅಪ್ಪ ಅಮ್ಮಂದಿರು ಶಾಲೆಗೆ ನುಗ್ಗಿದ್ದರು. ಎಲ್ಲರ ಬಾಯಲ್ಲೂ ಒಂದೇ ಮಾತು, ಸಾಂಬಾರು ಕೆಟ್ಟಿತ್ತು. ಶಾಲೆಯಲ್ಲಿ ಉಂಡ ಮಕ್ಕಳು ಕಾಯಿಲೆ ಬಿದ್ದರೆ ಯಾರಿಗೇ ಆದರೂ ಮೊದಲು ತೋಚುವುದು ಅಡುಗೆಮನೆ. ಗಂಗಮ್ಮ ಗೋಡೆಗೆ ಆತುಕೊಂಡು ನಿಂತಿದ್ದರು. ಒಬ್ಬಾತ ಅವರ ಪಾತ್ರೆಯನ್ನು ಅಂಗಳಕ್ಕೆ ಎಸೆದ.

ಆ ಮಧ್ಯಾಹ್ನ ನಾನು ಒಬ್ಬಳೇ ಹೋಗಿ ನಲ್ಲಿಯ ಮೋರಿ ನೋಡಿದೆ. ಮುಬೀನಾ ಹೇಳಿದ್ದು ನಿಜವಾಗಿತ್ತು, ವಾಸನೆಯೇ ಹೇಳುತ್ತಿತ್ತು. ಪೈಪಿನ ಬಾಯಿಗೆ ಬಟ್ಟೆ ತುರುಕಿದೆ. ಉಳಿದ ಮೂಲಂಗಿ, ಕೊತ್ತಂಬರಿಯನ್ನೆಲ್ಲ ಕಿತ್ತು ಗೋಣಿಚೀಲಕ್ಕೆ ತುಂಬಿ ಕಸದ ಗಾಡಿಗೆ ಹಾಕಿದೆ. ಮಕ್ಕಳಿಗೆ ಮತ್ತೆ ಅಪಾಯವಾಗಬಾರದೆಂದು ಮಾಡಿದೆ ಎಂದು ಎಷ್ಟೋ ದಿನ ಹೇಳಿಕೊಂಡಿದ್ದೆ. ಸಾಕ್ಷಿ ಉಳಿಯಬಾರದೆಂದೇ ನಾನು ಅದನ್ನು ಮಾಡಿದ್ದು.

ಮರುದಿನ ಕಚೇರಿಯಿಂದ ಒಬ್ಬ ಅಧಿಕಾರಿ ವಿಚಾರಣೆಗೆ ಬಂದರು. ಅವರು ಬರುವ ಮೊದಲು ಮುಬೀನಾ ಸ್ಟಾಫ್ ರೂಮಿನ ಬಾಗಿಲಿಗೆ ಕುರ್ಚಿ ತಳ್ಳಿಕೊಂಡು ಬಂದಳು. ತೊಡೆಯ ಮೇಲೆ ನೋಟ್‌ಬುಕ್ ತೆರೆದಿತ್ತು. ಒಂದು ಕಡೆ ಕೋಸಂಬರಿ ತಿಂದವರ ಹೆಸರು, ಇನ್ನೊಂದು ಕಡೆ ಕಾಯಿಲೆ ಬಿದ್ದವರ ಹೆಸರು. ಗೆರೆ ಎಳೆದು ಜೋಡಿಸಿದ್ದಳು.

"ಮಿಸ್, ಸಾಂಬಾರು ಎಲ್ಲಾರೂ ತಿಂದಿದಾರೆ. ಕಾಯಿಲೆ ಬಂದಿರೋದು ಕೋಸಂಬರಿ ತಿಂದವರಿಗೆ ಮಾತ್ರ. ಒಂದನೇ ಕ್ಲಾಸಿಂದ ಐದನೇ ಕ್ಲಾಸ್ ತನಕ ಒಬ್ಬರಿಗೂ ಬಂದಿಲ್ಲ. ಗಂಗಮ್ಮಂದು ತಪ್ಪಿಲ್ಲ."

ನೋಡುವುದು, ಬರೆದಿಡುವುದು, ಹೋಲಿಸಿ ಕಾರಣ ಹುಡುಕುವುದು ವಿಜ್ಞಾನ ಎಂದು ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದವಳು ನಾನು. ಅದನ್ನು ಅಷ್ಟು ಚೊಕ್ಕವಾಗಿ ಮಾಡಿ ತೋರಿಸಿದ ಮಗು ಅದುವರೆಗೆ ನನಗೆ ಸಿಕ್ಕಿರಲಿಲ್ಲ. ಅವಳ ಕೈಯಿಂದ ನೋಟ್‌ಬುಕ್ ತೆಗೆದುಕೊಂಡೆ. ದೊಡ್ಡವರು ನೋಡಿಕೊಳ್ಳುತ್ತಾರೆ, ನೀನು ಇದನ್ನು ಯಾರಿಗೂ ಹೇಳಬೇಡ, ಶಾಲೆಯ ಹೆಸರು ಕೆಡುತ್ತದೆ ಎಂದೆ. ಆರು, ಏಳನೇ ತರಗತಿಗಳಿಗೂ ಹೋಗಿ ಅದನ್ನೇ ಹೇಳಿ ಬಂದೆ. ನೋಟ್‌ಬುಕ್ಕನ್ನು ನನ್ನ ಬ್ಯಾಗಿನಲ್ಲಿಟ್ಟು ಮನೆಗೆ ಒಯ್ದೆ.

ಅಧಿಕಾರಿಯ ಮುಂದೆ ಗಂಗಮ್ಮ ಧೈರ್ಯವಾಗಿಯೇ ಮಾತಾಡಿದರು. ಸಾಂಬಾರು ನಾನೂ ಉಂಡಿದ್ದೇನೆ, ನನಗೇನೂ ಆಗಿಲ್ಲ, ಮಕ್ಕಳು ತೋಟದಲ್ಲಿ ಹಸಿ ಕೋಸಂಬರಿ ತಿಂದಿದ್ದರು, ಅದನ್ನು ಕೇಳಿ ಎಂದರು. ಅಧಿಕಾರಿ ನನ್ನ ಕಡೆ ತಿರುಗಿದರು.

"ಹೌದಾ ಮೇಡಂ? ಮಕ್ಕಳಿಗೆ ಬೇರೆ ಏನಾದ್ರೂ ಕೊಟ್ಟಿದ್ರಾ?"

"ಅದು ತೀರ್ಪುಗಾರರಿಗೆ ತೋರಿಸೋಕೆ ಇಟ್ಟಿದ್ದು ಸರ್. ಮಕ್ಕಳು ತಿಂದಿಲ್ಲ."

ಶಿವಲಿಂಗಯ್ಯನವರು ಅಲ್ಲೇ ಕೂತಿದ್ದರು. ಕೋಸಂಬರಿ ಹಂಚಿದ್ದನ್ನು ಅವರೂ ಕಂಡಿದ್ದರು. ಮೇಜಿನ ಮೇಲಿನ ಪೇಪರ್‌ವೇಟನ್ನು ತಿರುಗಿಸುತ್ತಿದ್ದರು. ಗಂಗಮ್ಮ ನನ್ನ ಮುಖವನ್ನು ನೋಡಿದರು. ಕೋಪವಿರಲಿಲ್ಲ. ತಪ್ಪು ಕೇಳಿಸಿತೇನೋ ಎನ್ನುವ ಹಾಗೆ ನೋಡಿದರು. ಆಮೇಲೆ ಸೆರಗಿನಿಂದ ಕೈ ಒರೆಸಿಕೊಂಡು ಹೊರಗೆ ಹೋದರು. ಸಾಂಬಾರು ಒಂದು ಹನಿಯೂ ಉಳಿದಿರಲಿಲ್ಲ, ಪರೀಕ್ಷೆ ಮಾಡಲು ಏನೂ ಇರಲಿಲ್ಲ. ಮಕ್ಕಳನ್ನು ಯಾರೂ ಕೇಳಲಿಲ್ಲ. ಶಾಲೆಯ ಉಸ್ತುವಾರಿ ಸಮಿತಿಯವರು ಕೂತು, ಅಶುಚಿಯ ಕಾರಣಕ್ಕೆ ಅವರನ್ನು ಕೆಲಸದಿಂದ ತೆಗೆದರು. ಹದಿನಾಲ್ಕು ವರ್ಷ ಅಲ್ಲಿ ಅಡುಗೆ ಮಾಡಿದ್ದರು.

ಎರಡು ತಿಂಗಳಾದ ಮೇಲೆ ನಮ್ಮ ತೋಟಕ್ಕೆ ಎರಡನೇ ಬಹುಮಾನ ಬಂತು. ಮುಬೀನಾ ಖಾಲಿ ಕ್ಯಾನು ಹಿಡಿದ ಫೋಟೋ ಪತ್ರಿಕೆಯಲ್ಲಿ ಬಂತು.

ಆ ವರ್ಷದ ಕೊನೆಯ ದಿನ ಟಿ.ಸಿ. ತೆಗೆದುಕೊಳ್ಳಲು ಬಂದಾಗ ಮುಬೀನಾ, ಗಂಗಮ್ಮಂಗೆ ನಿಜ ಹೇಳಿದ್ರಾ ಮಿಸ್ ಎಂದು ಕೇಳಿದಳು. ಹೇಳಿದೆ ಎಂದೆ. ಅವಳು ತಲೆಯಾಡಿಸಿ ಹೋದಳು. ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ.

ಆಮೇಲೆ ನಾನು ತೋಟವನ್ನು ಪೂರ್ತಿ ಬದಲಾಯಿಸಿದೆ. ಇದನ್ನು ಹೊಗಳಿಕೆಗೆಂದು ಬರೆಯುತ್ತಿಲ್ಲ, ಹೊಸ ಟೀಚರು ಕೇಳಿದ್ದಾರೆಂದು ಬರೆಯುತ್ತಿದ್ದೇನೆ. ಮೆಟ್ಟಿಲಿನ ಮೇಲೆ ಹಲಗೆ ಹಾಕಿಸಲು ಬೇಕಾದದ್ದು ಬಡಗಿಯ ಅರ್ಧ ದಿನದ ಕೆಲಸ. ದಾರಿಯನ್ನು ಎರಡು ಕುರ್ಚಿ ಹೋಗುವಷ್ಟು ಅಗಲ ಮಾಡಿ ಇಟ್ಟಿಗೆ ಚೂರು ಹಾಸಿ ಬಡಿದೆವು. ಉದ್ದಕ್ಕೆ ಸೀಳಿದ ಡ್ರಮ್ಮುಗಳನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲಿಟ್ಟು, ಗಾಲಿಕುರ್ಚಿಯಲ್ಲಿ ಕೂತವರ ತೊಡೆ ಅದರ ಕೆಳಗೆ ಹೋಗುವ ಹಾಗೆ ಪಾತಿ ಮಾಡಿದೆವು. ಕಣ್ಣು ಕಾಣದ ಒಬ್ಬ ಹುಡುಗಿ ಬಂದಾಗ ಪಾತಿಯ ಅಂಚಿಗೆ ಗಂಟು ಹಾಕಿದ ಹಗ್ಗ ಕಟ್ಟಿದೆವು, ಒಂದು ಗಂಟೆಂದರೆ ಪುದೀನ, ಎರಡು ಗಂಟೆಂದರೆ ದೊಡ್ಡಪತ್ರೆ. ತೋಟಕ್ಕೆ ಚಾವಣಿಯ ಮಳೆನೀರು ಮಾತ್ರ. ತೊಳೆದ ನೀರು ಬಾಳೆಗಿಡಗಳ ಬುಡಕ್ಕೆ ಹೋಗುತ್ತದೆ, ಹಸಿಯಾಗಿ ತಿನ್ನುವ ಯಾವುದಕ್ಕೂ ಅದನ್ನು ಬಿಡಬೇಡಿ. ಪೈಪು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆಂದು ತಿಂಗಳಿಗೊಮ್ಮೆ ಮಕ್ಕಳ ಜೊತೆ ನಡೆದು ನೋಡಿ. ಮಕ್ಕಳು ಏನಾದರೂ ಕಂಡೆವೆಂದು ಹೇಳಿದರೆ ಆ ಕ್ಷಣವೇ ಎದ್ದು ಹೋಗಿ ನೋಡಿ. ಇಷ್ಟೆಲ್ಲ ಮಾಡಿದರೂ ಪ್ರತಿದಿನ ಊಟದ ಹೊತ್ತಿಗೆ ಅಡುಗೆಮನೆಯಲ್ಲಿ ಬೇರೆ ಹೆಂಗಸು ಬಡಿಸುವುದನ್ನು ಕಂಡಾಗ ನನಗೆ ಗಂಗಮ್ಮನ ನೆನಪಾಗುತ್ತಿತ್ತು. ಆದರೂ ಹೋಗಿ ಹೇಳಲಿಲ್ಲ. ನಿವೃತ್ತಿಗೆ ಇನ್ನು ಎರಡು ವರ್ಷ, ಪೆನ್ಷನ್ನಿಗೆ ತೊಂದರೆಯಾದೀತು ಎಂದು ಲೆಕ್ಕ ಹಾಕಿದ್ದೆ.

ಬೀಳ್ಕೊಡುಗೆಯ ದಿನ ಶಾಮಿಯಾನ ಹಾಕಿಸಿ, ವೇದಿಕೆಯ ಹಿಂದೆ ಅದೇ ಫೋಟೋವನ್ನು ಆಳೆತ್ತರದ ಫ್ಲೆಕ್ಸ್ ಮಾಡಿಸಿ ಕಟ್ಟಿದ್ದರು. ಮುಬೀನಾಳನ್ನೂ ಕರೆಸಿದ್ದರು. ಯಲಹಂಕದ ಹೈಸ್ಕೂಲಿನಲ್ಲಿ ಹತ್ತನೇ ತರಗತಿಯಲ್ಲಿದ್ದಳು. ಎಲ್ಲರೂ ನನ್ನನ್ನು ಹೊಗಳಿದ ಮೇಲೆ ಅವಳ ಕೈಗೆ ಮೈಕು ಕೊಟ್ಟರು. ಈ ಹುಡುಗಿ ಎಲ್ಲವನ್ನೂ ಹೇಳಿಬಿಡಲಿ ಎಂದೂ ಅನ್ನಿಸಿತು, ಹೇಳದಿರಲಿ ಎಂದೂ ಅನ್ನಿಸಿತು.

"ಕಂಡಿದ್ದನ್ನ ಬರೆದಿಡು ಅಂತ ಮಿಸ್ ನನಗೆ ಹೇಳ್ಕೊಟ್ರು. ಈಗಲೂ ಬರೆದಿಡ್ತೀನಿ," ಎಂದಷ್ಟೇ ಹೇಳಿ ಮೈಕು ಹಿಂದೆ ಕೊಟ್ಟಳು. ಜನ ಚಪ್ಪಾಳೆ ತಟ್ಟಿದರು.

ಕಾರ್ಯಕ್ರಮ ಮುಗಿದು ಜನ ಊಟಕ್ಕೆ ಎದ್ದಾಗ ಅವಳ ಹತ್ತಿರ ಹೋದೆ. ಶಬಾನಾ ಸ್ವಲ್ಪ ದೂರ ಸರಿದು ನಿಂತರು. ಗಂಗಮ್ಮನಿಗೆ ನಾನು ಹೇಳಿಲ್ಲ, ಅವತ್ತು ನಿನಗೆ ಸುಳ್ಳು ಹೇಳಿದೆ ಎಂದೆ. ಗೊತ್ತು ಮಿಸ್ ಎಂದಳು. ಗಂಗಮ್ಮ ದಿನಾ ಮುಬೀನಾಳ ಮನೆಯ ಬೀದಿಯಲ್ಲೇ ಹಾದು ಕೆಲಸಕ್ಕೆ ಹೋಗುತ್ತಿದ್ದರಂತೆ. ಆಮೇಲೆ ಆ ಫ್ಲೆಕ್ಸಿನ ಕಡೆ ನೋಡಿದಳು.

"ಎರಡು ವರ್ಷದಲ್ಲಿ ನಾನು ತೋಟದೊಳಗೆ ಇಳಿದಿದ್ದು ಆ ಹತ್ತು ನಿಮಿಷ ಮಿಸ್. ಅವತ್ತೂ ಮಣ್ಣು ಮುಟ್ಟಿಲ್ಲ."

ನಾನು ಅವಳ ಕ್ಷಮೆ ಕೇಳಿದೆ. ಅವಳು ಕುರ್ಚಿಯನ್ನು ಅಮ್ಮನ ಕಡೆಗೆ ತಿರುಗಿಸಿದಳು. ನಾನು ಕೇಳಿಕೊಂಡ ಮೇಲೆ ಕ್ಷಮಿಸಿದೆ ಎನ್ನಲೇಬೇಕೆಂದು ಆ ಮಗುವಿಗೇನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಗಂಗಮ್ಮನ ಮನೆಗೆ ಹೋದೆ. ಹೆಬ್ಬಾಳದ ಒಂದು ಪಿ.ಜಿ.ಯಲ್ಲಿ ಪಾತ್ರೆ ತೊಳೆಯುವ ಕೆಲಸಕ್ಕೆ ಹೊರಟಿದ್ದರು. ಅಡುಗೆಗೆ ಯಾರೂ ಕರೆಯುತ್ತಿರಲಿಲ್ಲ, ಮಕ್ಕಳಿಗೆ ಕೆಟ್ಟ ಊಟ ಹಾಕಿದವಳೆಂದು ಊರಲ್ಲಿ ಹೆಸರಾಗಿತ್ತು. ಮದುವೆ ಮನೆಗಳಲ್ಲಿ ಒಲೆಯ ಹತ್ತಿರ ಸುಳಿದರೂ ಬೇರೆಯವರು ಸೌಟು ಕಿತ್ತುಕೊಳ್ಳುತ್ತಿದ್ದರಂತೆ. ನನ್ನನ್ನು ಒಳಗೆ ಕರೆದು ಕೂರಲು ಹೇಳಿದರು, ತಾವು ನಿಂತೇ ಇದ್ದರು. ನಾನು ಪೈಪು, ಮೋರಿ, ಮುಬೀನಾ ಹೇಳಿದ್ದು, ನಾನು ಕಿತ್ತುಹಾಕಿದ್ದು ಎಲ್ಲವನ್ನೂ ಹೇಳಿದೆ. ಹೇಳುತ್ತ ಅತ್ತೆ. ಅವರು ಅಳಲಿಲ್ಲ.

"ನಂಗ್ ಅವತ್ತೇ ಗೊತ್ತಿತ್ತು ಮೇಡಂ. ನೀವು ಇವತ್ತು ಯೇಳ್ತೀರ, ನಾಳೆ ಯೇಳ್ತೀರ ಅಂತ ಒಂದ್ ವರ್ಸ ಕಾದೆ. ಆಮೇಲೆ ಕಾಯೋದು ಬಿಟ್ಟೆ. ಈಗ್ ಬಂದು ನನ್ ಮುಂದೆ ಅತ್ರೆ ನಂಗೇನಾಯ್ತು? ಯಾರ್ ಮುಂದೆ ನನ್ನ ಅಂಗ್ ಅಂದ್ರೋ ಅವ್ರ ಮುಂದೆ ಯೇಳಿ."

ಆ ವಾರವೇ ನಡೆದದ್ದನ್ನೆಲ್ಲ ಬರೆದು, ಮುಬೀನಾಳ ನೋಟ್‌ಬುಕ್ಕಿನ ಆ ಪುಟದ ಜೆರಾಕ್ಸ್ ಸೇರಿಸಿ ಇಲಾಖೆಯ ಕಚೇರಿಗೆ ಕೊಟ್ಟೆ. ನೋಟ್‌ಬುಕ್ಕನ್ನು ಅದರ ಒಡತಿಗೆ ಹಿಂದಿರುಗಿಸಿದೆ. ಕಚೇರಿಯಲ್ಲಿ ಒಬ್ಬರು ಓದಿ ನೋಡಿ, ಯಾಕೆ ಮೇಡಂ ಈಗ, ಮುಗಿದುಹೋದ ವಿಷಯ ಎಂದರು. ಒತ್ತಾಯಿಸಿ ಸ್ವೀಕೃತಿ ಪಡೆದೆ. ಅದರ ಮೇಲೆ ಇದುವರೆಗೆ ಯಾವ ಕ್ರಮವೂ ಆಗಿಲ್ಲ. ಗಂಗಮ್ಮನಿಗೆ ಕೆಲಸ ಹಿಂದಿರುಗಿ ಸಿಗಲಿಲ್ಲ, ಅವರಿಗೆ ಅಷ್ಟರಲ್ಲಿ ಅರವತ್ತು ದಾಟಿತ್ತು.

ಶಾಲೆಯಲ್ಲಿ ಪೋಷಕರ ಸಭೆ ಇದ್ದ ಶನಿವಾರ ಹೋದೆ. ಹೊಸ ಹೆಡ್‌ಮಿಸ್ಟ್ರೆಸ್ಸು ಹಿಂದೆ ಮುಂದೆ ನೋಡಿ, ಕೊನೆಗೆ ಐದು ನಿಮಿಷ ಕೊಟ್ಟರು. ಗಂಗಮ್ಮನೂ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು, ನಾನೇ ಬರಹೇಳಿದ್ದೆ. ಅರವತ್ತು, ಎಪ್ಪತ್ತು ಜನರಿದ್ದರು. ಅವತ್ತು ಮಕ್ಕಳು ಕಾಯಿಲೆ ಬಿದ್ದಿದ್ದು ಸಾಂಬಾರಿನಿಂದ ಅಲ್ಲ, ನಾನು ಕೊಟ್ಟ ಕೋಸಂಬರಿಯಿಂದ, ಅದು ನನಗೆ ಮಾರನೇ ದಿನವೇ ಗೊತ್ತಿತ್ತು, ಅಧಿಕಾರಿಗೆ ಸುಳ್ಳು ಹೇಳಿದೆ, ಗಂಗಮ್ಮ ಹೇಳಿದ್ದು ನಿಜ ಎಂದೆ. ಆಮೇಲೆ ಡ್ರಿಪ್ ಹಾಕಿಸಿಕೊಂಡಿದ್ದ ಹುಡುಗಿಯ ತಾಯಿ ಎದ್ದು ನಿಂತರು. ಚಿಕ್ಕ ಮಗ ಇನ್ನೂ ಅದೇ ಶಾಲೆಯಲ್ಲಿ ಓದುತ್ತಿದ್ದ.

"ನನ್ ಮಗಳಿಗೆ ಏನಾದ್ರೂ ಆಗೋಗಿದ್ರೆ, ಆಗ್ಲೂ ನೀವು ಹೇಳ್ತಿರಲಿಲ್ಲ ಅಲ್ವಾ ಮೇಡಂ?"

ಹೇಳುತ್ತಿದ್ದೆ ಎನ್ನಬಹುದಿತ್ತು. ಗೊತ್ತಿಲ್ಲ ಎಂದೆ. ಅದೇ ನಿಜ.

ಆಕೆ ನನ್ನ ಕಡೆ ಮತ್ತೆ ನೋಡಲಿಲ್ಲ. ಬೆಂಚುಗಳ ನಡುವೆ ನಡೆದುಕೊಂಡು ಹಿಂದಿನ ಸಾಲಿಗೆ ಹೋಗಿ ಗಂಗಮ್ಮನ ಪಕ್ಕ ಕೂತರು. ಇಷ್ಟು ದಿನ ನಿಮ್ಮನ್ನು ಕಂಡರೆ ರಸ್ತೆ ದಾಟಿ ಆ ಕಡೆ ಹೋಗುತ್ತಿದ್ದೆ ಎಂದು ಹೇಳಿದ್ದು ನನಗೆ ಕೇಳಿಸಿತು. ಇನ್ನೂ ಮೂರು ನಾಲ್ಕು ಹೆಂಗಸರು ಎದ್ದು ಆ ಕಡೆಗೆ ಹೋದರು. ಗಂಗಮ್ಮ ಬಹಳ ಹೊತ್ತು ತಲೆ ತಗ್ಗಿಸಿ ಕೂತಿದ್ದರು, ಆಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡರು. ಅಷ್ಟು ವರ್ಷಗಳಲ್ಲಿ ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಸಭೆ ಮುಗಿದ ಮೇಲೆ ಮನೆಗೆ ಬಿಡುತ್ತೇನೆ, ಆಟೋ ಕರೆಯಲೇ ಎಂದು ಕೇಳಿದೆ. ಬೇಡ ಮೇಡಂ, ಇವರ ಜೊತೆ ನಡೆದುಹೋಗ್ತೀನಿ ಎಂದರು. ಹೆಂಗಸರೆಲ್ಲ ಅವರನ್ನು ನಡುವೆ ಬಿಟ್ಟುಕೊಂಡು ಮಾತಾಡುತ್ತ ಗೇಟು ದಾಟಿ ಹಳೇ ಊರಿನ ಕಡೆ ಹೋದರು. ನನಗೆ ಯಾರೂ ಬರ್ತೀವಿ ಎನ್ನಲಿಲ್ಲ. ನಾನು ಬಸ್ ಸ್ಟಾಪಿಗೆ ಒಬ್ಬಳೇ ನಡೆದೆ.